ತೆಂಗಿನ ದಿಮ್ಮಿಗೆ ಯುದ್ಧನೌಕೆಯ ಗುಂಡು ಯಾಕೆ ನಾಟಲಿಲ್ಲ?

ತಿಪಟೂರು ತೋಟದವನು:
ಎಲ್ಲರಿಗೂ ನಮಸ್ಕಾರ. ಕೊಬ್ಬರಿ ಅಟ್ಟದಲ್ಲಿ ಒಣಗುವ ತನಕ ನಮಗೆ ಓದಲು ಬೇಕಾದಷ್ಟು ಸಮಯ. ಈಗ ಎರಡನೇ ಮಹಾಯುದ್ಧದ ತರಾವಾ ಕದನ ಹಿಡಿದು ಕೂತಿದ್ದೇನೆ. 1943ರ ನವೆಂಬರ್ 20, ಪೆಸಿಫಿಕ್ ಸಾಗರದ ಗಿಲ್ಬರ್ಟ್ ದ್ವೀಪಗಳು. ಅಲ್ಲಿನ ಬೆಟಿಯೊ ಅನ್ನುವ ದ್ವೀಪ ಹೆಚ್ಚುಕಮ್ಮಿ 300 ಎಕರೆ. ನಮ್ಮೂರಿನ ತೋಟಗಳೇ ಅದಕ್ಕಿಂತ ಜಾಸ್ತಿ. ಅಷ್ಟು ಜಾಗಕ್ಕೆ ಅಮೆರಿಕದವರು ಮೂರು ದೊಡ್ಡ ಯುದ್ಧನೌಕೆ ತಂದು ಒಂದೇ ಬೆಳಿಗ್ಗೆ ಸುಮಾರು 3,000 ಟನ್ ಗುಂಡು ಸುರಿದರು. ಆದರೂ ದಡಕ್ಕೆ ಬಂದವರ ಮೇಲೆ ಜಪಾನಿನವರ ಗುಂಡು ನಿಲ್ಲಲಿಲ್ಲ. 76 ಗಂಟೆಯಲ್ಲಿ ಅಮೆರಿಕದ ಕಡೆಯೇ ಸಾವಿರದಷ್ಟು ಜನ ಹೋದರು.

ಕಾರಣ ಏನು ಅಂತ ನೋಡಿದರೆ, ತೆಂಗಿನ ದಿಮ್ಮಿಯ ಬಂಕರ್ ಅಂತೆ! ಮೂರು ವರ್ಷದ ಹಿಂದೆ ಒಣಗಿದ ಎಂಟು ಮರ ಕಡಿಸಿದೆ. ಬ್ಲೇಡ್ ಮೊಂಡಾಯಿತು ಅಂತ ಸಾಮಿಲ್‌ನವನು ಬೈದದ್ದು ನಿಜ. ಆದರೆ ತೋಟದಲ್ಲೇ ಬಿಟ್ಟ ಎರಡು ದಿಮ್ಮಿ ಎರಡೇ ಮಳೆಗೆ ಕೊಳೆತು ಗೊಬ್ಬರವಾದವು. ಅಂಥ ಮರ 16 ಇಂಚಿನ ಫಿರಂಗಿಯ ಗುಂಡು ತಡೆಯಿತು ಅಂದರೆ ನಂಬೋದು ಹೇಗೆ?

ಶಿರಾ ಮೇಷ್ಟ್ರು:
ಮರ ಒಂದೇ ತಡೆದದ್ದಲ್ಲಪ್ಪ. ದಿಮ್ಮಿ ಪೇರಿಸಿ ಅದರ ಮೇಲೆ ಹವಳದ ಮರಳು ದಪ್ಪಗೆ ಸುರಿದಿದ್ದರು. ಕೆಲವಕ್ಕೆ ಕಾಂಕ್ರೀಟ್ ಕೂಡ ಇತ್ತು. ಗಟ್ಟಿ ಮರವಾದರೆ ಏಟಿಗೆ ಸೀಳುತ್ತದೆ. ತೆಂಗು ನಾರಿನ ಕಟ್ಟು, ಸಿಡಿಯದೆ ಏಟನ್ನು ನುಂಗುತ್ತದೆ. ನಿಮ್ಮ ಸಾಮಿಲ್‌ನವನು ಬೈದದ್ದೂ ಅದೇ ನಾರಿಗೆ ಅಲ್ವಾ?

ಹೊಡೆದ ರೀತಿಯೂ ಸರಿ ಇರಲಿಲ್ಲ. ಹಡಗುಗಳು ಹತ್ತಿರ ಬಂದು ಹೊಡೆದವು. ಹತ್ತಿರದಿಂದ ಹೊಡೆದ ಗುಂಡು ನೆಲಕ್ಕೆ ಸಮನಾಗಿ ಹಾರುತ್ತದೆ. ದ್ವೀಪವೋ ರೊಟ್ಟಿಯ ಹಾಗೆ ಚಪ್ಪಟೆ. ಕೆರೆಯಲ್ಲಿ ಬಿಲ್ಲೆಕಲ್ಲು ಎಸೆದ ಹಾಗೆ ಎಷ್ಟೋ ಗುಂಡು ಜಾರಿಕೊಂಡು ಆಚೆ ಸಮುದ್ರಕ್ಕೆ ಬಿದ್ದವು. ಬಂಕರಿನ ಮಾಳಿಗೆ ಒಡೆಯಬೇಕಾದರೆ ಗುಂಡು ಮೇಲಿಂದ ಬೀಳಬೇಕು. ಹೊಗೆ, ದೂಳಿನಲ್ಲಿ ಏನು ಉಳಿದಿದೆ ಅಂತಲೂ ಕಾಣಲಿಲ್ಲ. ವಿಮಾನಗಳು ತಡವಾಗಿ ಬಂದವು. ಮುಖ್ಯಸ್ಥರಿದ್ದ ಮೇರಿಲ್ಯಾಂಡ್ ಹಡಗಿನ ರೇಡಿಯೊ, ತನ್ನದೇ ಫಿರಂಗಿಯ ಅದುರಿಗೆ ಕೆಟ್ಟು ಕೂತಿತು! ಆಮೇಲೆ ಬುದ್ಧಿ ಬಂದು, ಹವಾಯಿಯ ಕಹೋಲಾವೆ ದ್ವೀಪದಲ್ಲಿ ಅಂಥದ್ದೇ ಬಂಕರ್ ಕಟ್ಟಿಸಿ ಹೊಡೆದು ಕಲಿತರು.

ಕುಂದಾಪುರದ ಮಾಣಿ, ಸದ್ಯ ತುಮಕೂರು:
ಬಂಕರ್ ಮಾತು ಒಪ್ಪಿದೆ ಅಣ್ಣ. ಆದರೆ ಅಷ್ಟು ಜನ ಸತ್ತದ್ದಕ್ಕೆ ನೀರು ಸಾಲದೇ ಹೋದದ್ದೂ ಕಾರಣ. ದ್ವೀಪದ ಸುತ್ತ ಹವಳದ ದಿಬ್ಬ ಇದೆ. ಸೈನಿಕರನ್ನು ಒಯ್ಯುವ ಹಿಗ್ಗಿನ್ಸ್ ದೋಣಿ ಅದನ್ನು ದಾಟಲು ನಾಲ್ಕು ಅಡಿಯಷ್ಟು ನೀರು ಬೇಕು. ಆ ದಿನ ಅಷ್ಟು ಏರಲೇ ಇಲ್ಲ. ಚಕ್ರಪಟ್ಟಿ ಇರುವ, ದಿಬ್ಬ ಹತ್ತಬಲ್ಲ ಅಮ್‌ಟ್ರ್ಯಾಕ್ ಗಾಡಿ ಇದ್ದದ್ದು 125. ಮೊದಲ ಮೂರು ಸಾಲು ಅದರಲ್ಲಿ ಹೋಯಿತು. ಹಿಂದೆ ದೋಣಿಯಲ್ಲಿ ಬಂದವರು ದಿಬ್ಬದ ಹತ್ತಿರವೇ ಇಳಿದು, ಸೊಂಟಮಟ್ಟ ಎದೆಮಟ್ಟ ನೀರಿನಲ್ಲಿ ಅರ್ಧ ಕಿಲೋಮೀಟರಿನಷ್ಟು ನಡೆಯಬೇಕಾಯಿತು. ಎದುರಿಗೆ ಮೆಷಿನ್ ಗನ್.

ಯಾಕೆ ಏರಲಿಲ್ಲ? ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು: ಹುಣ್ಣಿಮೆ, ಅಮಾವಾಸ್ಯೆಗೆ ಭರತ, ಅಂದರೆ ಸಮುದ್ರದ ಉಬ್ಬರ, ಜೋರು. ಅಷ್ಟಮಿಯ ಆಸುಪಾಸು ಮಂಕು. ಲೆಕ್ಕ ಹಾಕಿ ನೋಡಿ, ಅವತ್ತು ಕಾರ್ತಿಕ ಬಹುಳ ಅಷ್ಟಮಿ. ಸಾಲದ್ದಕ್ಕೆ ಚಂದ್ರ ಭೂಮಿಯಿಂದ ದೂರ ಇದ್ದ ಸಮಯ. ಆ ದ್ವೀಪಗಳಲ್ಲಿ ವರ್ಷಗಟ್ಟಲೆ ಬಾಳಿದ್ದ ಮೇಜರ್ ಫ್ರಾಂಕ್ ಹಾಲೆಂಡ್, ನೀರು ಸಾಲದು ಅಂತ ಮೊದಲೇ ಹೇಳಿದ್ದರು.

ತಿಪಟೂರು ತೋಟದವನು:
ನಗು ಬಂತು ಮಾರಾಯ. ಅಷ್ಟಮಿ, ನವಮಿ ದಿನ ಎಲ್ಲಿಗೂ ಹೊರಡಬೇಡ ಅಂತ ನಮ್ಮಮ್ಮ ಈಗಲೂ ತಡೆಯುತ್ತಾರೆ. ಹೇಳಿದವನಿದ್ದರೂ ಒಂದು ವಾರ ಕಾಯಲಿಲ್ಲ ಯಾಕೆ? ಅಮಾವಾಸ್ಯೆ ಹತ್ತಿರವೇ ಇತ್ತಲ್ಲ?

ಶಿರಾ ಮೇಷ್ಟ್ರು:
ಮುಂದೆ ಮಾರ್ಷಲ್ ದ್ವೀಪಗಳ ಸರದಿ ಕಾದಿತ್ತು, ತಡ ಮಾಡಲು ಮನಸ್ಸಿರಲಿಲ್ಲ. ಅದೃಷ್ಟ ನೋಡೋಣ ಅಂತ ಹೊರಟರು. ನನಗೆ ಅದು ಸಣ್ಣ ತಪ್ಪು ಅಂತ ಅನಿಸುವುದಿಲ್ಲ. ಎರಡೇ ತಿಂಗಳಿಗೆ ಅದೇ ಮಾರ್ಷಲ್ ದ್ವೀಪಗಳ ಕ್ವಾಜಲೀನ್‌ನಲ್ಲಿ ಅಮ್‌ಟ್ರ್ಯಾಕ್ ಜಾಸ್ತಿ ತಂದರು, ದಿನಗಟ್ಟಲೆ ಗುಂಡು ಹೊಡೆದರು, ನೀರಿನ ಆಳ ನೋಡಲು ಈಜುಗಾರರನ್ನು ಮುಂದೆ ಕಳಿಸಿದರು. ಅಲ್ಲಿ ಅಮೆರಿಕದ ಕಡೆ ಸತ್ತವರು 400ಕ್ಕಿಂತ ಕಡಿಮೆ.

ತಿಪಟೂರು ತೋಟದವನು:
ಸರಿ ಮೇಷ್ಟ್ರೇ. ನನ್ನ ದಿಮ್ಮಿ ಕೊಳೆತದ್ದು ಮಣ್ಣಿಗೆ ತಾಗಿ ಬಿದ್ದಿದ್ದಕ್ಕೆ. ಅವರದು ಹಸಿ ದಿಮ್ಮಿ ಇದ್ದಿರಬೇಕು. ನಾಳೆ ಸಾಮಿಲ್ ಕಡೆ ಹೋಗುವುದಿದೆ. ಹಸಿಯದು ಗಟ್ಟಿಯೋ ಒಣಗಿದ್ದು ಗಟ್ಟಿಯೋ ಅಂತ ಅವನನ್ನೇ ಕೇಳುತ್ತೇನೆ. ಬೈದರೆ ಬೈಯಲಿ.