ಸಹಾಯ ಬೇಕು: ವಿಕೋಪಕ್ಕೂ ಬಡತನಕ್ಕೂ ಇರುವ ನಂಟು

ಎಲ್ಲರಿಗೂ ನಮಸ್ಕಾರ. ಪ್ರಕೃತಿ ವಿಕೋಪ ಮತ್ತು ಬಡತನದ ಮೇಲೆ ಒಂದು ಪ್ರಬಂಧ ಬರೆಯುತ್ತಿದ್ದೇನೆ, ಅರ್ಧಕ್ಕೆ ನಿಂತಿದೆ.

2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪ. ಸತ್ತವರು ಲಕ್ಷಕ್ಕೂ ಹೆಚ್ಚು. ಮರುತಿಂಗಳೇ ಚಿಲಿಯಲ್ಲಿ 8.8. ಹೊರಬಿದ್ದ ಶಕ್ತಿ ಸುಮಾರು 500 ಪಟ್ಟು, ಸತ್ತವರು 500ರ ಆಸುಪಾಸು. ಹೈಟಿಯಲ್ಲಿ ಕಂಪನದ ಕೇಂದ್ರ ರಾಜಧಾನಿಯ ಮಗ್ಗುಲಲ್ಲೇ ಇತ್ತು, ಒಪ್ಪುತ್ತೇನೆ. ಆದರೂ ಜನರನ್ನು ಕೊಂದದ್ದು ನೆಲಕ್ಕಿಂತ ಹೆಚ್ಚಾಗಿ ಕಳಪೆ ಕಟ್ಟಡ. ಚಿಲಿಯಲ್ಲಿ ಕಟ್ಟಡ ನಿಯಮ ಬಲು ಕಟ್ಟುನಿಟ್ಟು.

ಇಲ್ಲಿಯವರೆಗೆ ಸಲೀಸು. ತೊಡಕಿರುವುದು ಮುಂದೆ. ಬಡವರ ಕೈಗೆಟಕುವುದೇ ನೆರೆ ನುಗ್ಗುವ, ಗುಡ್ಡ ಜರಿಯುವ ಜಾಗ. ಒಂದು ನೆರೆಗೆ ದನಕರು, ಬಿತ್ತನೆ ಬೀಜ ಎರಡೂ ಹೋದರೆ ವಿಮೆಯಿಲ್ಲದವರು ಸಾಲ ಮಾಡುತ್ತಾರೆ, ಮಕ್ಕಳನ್ನು ಶಾಲೆ ಬಿಡಿಸುತ್ತಾರೆ. ವಿಕೋಪಗಳಿಂದ ವರ್ಷಕ್ಕೆ ಸುಮಾರು 2.6 ಕೋಟಿ ಜನ ಬಡತನಕ್ಕೆ ಜಾರುತ್ತಾರೆಂದು ವಿಶ್ವಬ್ಯಾಂಕ್ 2016ರಲ್ಲಿ ಅಂದಾಜಿಸಿತ್ತು. ಆದರೆ ಆಸ್ತಿನಷ್ಟದ ಲೆಕ್ಕದಲ್ಲಿ ಇವರು ಕಾಣುವುದೇ ಇಲ್ಲ. ಕೊಚ್ಚಿಹೋದ ಗುಡಿಸಲಿಗೆ ಎಷ್ಟು ಬೆಲೆ ಕಟ್ಟಿಯಾರು?

ಒಂದು ಕುಟುಂಬ ಮತ್ತೆ ಚೇತರಿಸಿಕೊಳ್ಳಲು ಹಿಡಿದ ವರ್ಷಗಳನ್ನು ಅಳೆದ ಅಧ್ಯಯನ ಯಾರಾದರೂ ಓದಿದ್ದರೆ ದಯವಿಟ್ಟು ತಿಳಿಸಿ. ಹಾಗೇ ‘ವಲ್ನರಬಿಲಿಟಿ’ಗೆ, ಅಂದರೆ ವಿಕೋಪದ ಪೆಟ್ಟಿಗೆ ಸುಲಭವಾಗಿ ಸಿಲುಕುವ ಸ್ಥಿತಿಗೆ, ಒಳ್ಳೆಯ ಕನ್ನಡ ಪದವೂ ಬೇಕು. ‘ದುರ್ಬಲತೆ’ ಅಂದರೆ ತಪ್ಪೆಲ್ಲ ಬಡವರದ್ದೇ ಅನ್ನುವ ಹಾಗೆ ಕೇಳಿಸುತ್ತದೆ.