ಒಂದೇ ಇಂಗ್ಲಿಷ್, ಎರಡು ಅರ್ಥ: ಯಾವುದು ಸರಿ?

ಪ್ರಶ್ನೆ: ನಮ್ಮ ಟೀಮಿನಲ್ಲಿ ಬ್ರಿಟನ್ನಿನವರು ಇಬ್ಬರು, ಅಮೆರಿಕದವರು ಮೂವರು. ಮೊನ್ನೆ ಆನ್‌ಲೈನ್ ಮೀಟಿಂಗಿನಲ್ಲಿ ಒಬ್ಬರು ‘ಇದನ್ನು ಟೇಬಲ್ ಮಾಡೋಣ’ ಎಂದರು. ಬ್ರಿಟನ್ನಿನವರು ಫೈಲ್ ತೆರೆದು ಚರ್ಚೆಗೆ ಕೂತರು. ಅಮೆರಿಕದವರು ಆಗಲೇ ಮುಂದಿನ ವಿಷಯಕ್ಕೆ ಹೋಗಿದ್ದರು! ನಾನು ಮ್ಯೂಟ್ ಹಾಕಿಕೊಂಡು ಸುಮ್ನೆ ನೋಡುತ್ತಿದ್ದೆ. ಒಂದೇ ಭಾಷೆ ಇಷ್ಟು ಬೇರೆ ಆಗಿದ್ದು ಹೇಗೆ?

ಉತ್ತರ 1: ಎರಡೂ ಸರಿ. ಬ್ರಿಟನ್ನಿನಲ್ಲಿ ಅದು ಚರ್ಚೆಗೆ ಎತ್ತಿಕೊಳ್ಳುವುದು, ಅಮೆರಿಕದಲ್ಲಿ ಪಕ್ಕಕ್ಕಿಡುವುದು. ‘ಮೂಲ’ ಇಂಗ್ಲಿಷ್ ಬ್ರಿಟನ್ನಿನದೇ ಅನ್ನೋ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. 1607ರಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಜೇಮ್ಸ್‌ಟೌನ್‌ಗೆ ಹೋದವರ ಕಾಲದಲ್ಲಿ ‘ಹಾರ್ಡ್’ ಪದದ ‘ರ್’ ಇಂಗ್ಲೆಂಡಿನಲ್ಲೂ ಕೇಳಿಸುತ್ತಿತ್ತು. ಲಂಡನ್ ಕಡೆಯವರು ಅದನ್ನು ಬಿಟ್ಟಿದ್ದು ಆಮೇಲೆ. ಹೆಚ್ಚಿನ ಅಮೆರಿಕನ್ನರ ಬಾಯಲ್ಲಿ ಅದು ಇನ್ನೂ ಇದೆ. ತಡವಾಗಿ, 1788ರಲ್ಲಿ ವಸಾಹತು ಶುರುವಾದ ಆಸ್ಟ್ರೇಲಿಯಾದಲ್ಲಿ ಅದು ಇಲ್ಲ.

ಉತ್ತರ 2: ಈ ಎರಡು ದೇಶಗಳ ಕಾಗುಣಿತದ ಜಗಳಕ್ಕೆ ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ ಜಾಸ್ತಿ ಕಾರಣ. 1828ರ ನಿಘಂಟಿನಲ್ಲಿ ‘ಕಲರ್’ ಪದದ ‘ಯು’ ಅಕ್ಷರ ಕಿತ್ತರು, ಅದು ನಿಂತಿತು. ‘ಟಂಗ್’ (tongue, ನಾಲಿಗೆ) ಅನ್ನು ಕೇಳಿಸಿದ ಹಾಗೇ ‘tung’ ಎಂದು ಬರೆಯಿರಿ ಎಂದರು, ಅದನ್ನು ಯಾರೂ ಒಪ್ಪಲಿಲ್ಲ. ಪಾಪ.

ಉತ್ತರ 3: ಸಿಂಗಪುರ ಮರೀಬೇಡಿ. ಅಲ್ಲಿ ವಾಕ್ಯದ ಕೊನೆಗೆ ‘ಲಾ’ ಬರುತ್ತದೆ, ನಮ್ಮ ‘ಕಣೋ’ ಇದ್ದ ಹಾಗೆ. ‘ಒಳ್ಳೆ ಇಂಗ್ಲಿಷ್ ಮಾತಾಡಿ’ ಎಂದು ಸರ್ಕಾರ 2000ದಲ್ಲಿ ಆಂದೋಲನವನ್ನೇ ಶುರು ಮಾಡಿತು. ಜನ ‘ಲಾ’ ಬಿಟ್ಟಿಲ್ಲ.

ಪ್ರಶ್ನೆ ಕೇಳಿದವನು: ಥ್ಯಾಂಕ್ಸ್. ಮುಂದಿನ ಮೀಟಿಂಗಿನಲ್ಲಿ ‘ಈಗಲೋ, ಆಮೇಲೋ?’ ಎಂದೇ ಕೇಳುತ್ತೇನೆ.