ಖುಲಾಸೆಯಾದರೂ ಠಾಣೆಯಲ್ಲಿ ಉಳಿದ ಹೆಸರು: ಅನುಭವಿಗಳು ತಿಳಿಸಿ

ಹೊಸನಗರದಿಂದ ಪ್ರಶ್ನೆ: ತೋಟದ ಬೇಲಿಯ ಜಗಳದಲ್ಲಿ ನನ್ನ ಮೇಲೆ ಹಳೆಯ ಭಾರತೀಯ ದಂಡ ಸಂಹಿತೆಯ 323, 504, 506ನೇ ಕಲಮುಗಳಡಿ (ನೋವುಂಟುಮಾಡುವುದು, ಅವಮಾನ, ಬೆದರಿಕೆ) ಹೂಡಿದ್ದ ಪ್ರಕರಣ ಕಳೆದ ವರ್ಷ ಖುಲಾಸೆಯಾಯಿತು. ಆದರೂ ಪಾಸ್‌ಪೋರ್ಟ್ ಪರಿಶೀಲನೆಗೆ ಬಂದವರು ಅದನ್ನೇ ಎತ್ತಿದರು. ದಾಖಲೆಯಿಂದ ಹೆಸರು ತೆಗೆಸಿದವರು ದಾರಿ ಹೇಳಬೇಕಾಗಿ ವಿನಂತಿ.

ಸಾಗರದ ಬೆಳೆಗಾರ: ನನ್ನ ಪಾಡು ಕೇಳಿ. ಎರಡು ಪ್ರಕರಣಗಳಲ್ಲೂ ಖುಲಾಸೆಯಾದ ಮೇಲೂ ರೌಡಿ ಶೀಟ್ ಹಾಗೆಯೇ ಉಳಿದು, ಗಣಪತಿ ಹಬ್ಬ ಬಂದರೂ ಚುನಾವಣೆ ಬಂದರೂ ಠಾಣೆಗೆ ಹೋಗಿ ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು. ಶೀಟ್ ಮುಚ್ಚಿಸಲು ಕೊಟ್ಟ ಮೊದಲ ಅರ್ಜಿ ತೀರ್ಪಿನ ನಕಲಿಗೆ ಮೊಹರಿಲ್ಲವೆಂದು ವಾಪಸಾಯಿತು; ಎರಡನೆಯದಕ್ಕೆ ಏಳು ತಿಂಗಳು ಹಿಂಬರಹವೇ ಬರಲಿಲ್ಲ. ಕೊನೆಗೆ ಹೈಕೋರ್ಟಿಗೆ ರಿಟ್ ಹಾಕಿದೆ. ವಕೀಲರಿಗೆ 40,000, ನಕಲು, ನೋಟರಿಗೆ 2,300, ಬೆಂಗಳೂರಿಗೆ ಐದು ಓಡಾಟ: ಒಂದು ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡು ಕರಗಿತು. ಶೀಟ್ ಮುಚ್ಚಿದ ದಿನ ಪೇದೆ ಹಲಗೆಯಿಂದ ನನ್ನ ಫೋಟೋ ಕಿತ್ತಾಗ ಅದು ಹರಿದು ಗದ್ದವಷ್ಟೇ ಅಂಟಿಕೊಂಡಿತ್ತು. ಉಗುರಿನಿಂದ ನಾನೇ ಕೆರೆದು ತೆಗೆದೆ.

ತೀರ್ಥಹಳ್ಳಿಯ ನಿವೃತ್ತ ಶಿಕ್ಷಕ: ಅಷ್ಟು ಖರ್ಚು ಯಾರು ಮಾಡಹೇಳಿದ್ದರು? ನನ್ನ ಮಗನ ಪ್ರಕರಣ ರಾಜಿಯಲ್ಲಿ ಮುಗಿಯಿತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಮಿನ ಪ್ರಕಾರ ರಾಜಿಗೂ ಖುಲಾಸೆಯ ಫಲವೇ. ಅವನು ಕೆಟ್ಟದ್ದು ನೌಕರಿಯ ಅರ್ಜಿಯಲ್ಲಿ ಪ್ರಕರಣ ಮುಚ್ಚಿಟ್ಟದ್ದರಿಂದ. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲೇ ನಿಜವನ್ನು ಬರೆಯಬೇಕೆಂದು ಹೇಳಿದೆ. ನೇಮಕಾತಿ ಹದಿನಾಲ್ಕು ತಿಂಗಳು ತಡೆಹಿಡಿಯಲ್ಪಟ್ಟಿತು, ಇವನ ತಾಯಿ ಆ ಕೊರಗಿನಲ್ಲೇ ಹಾಸಿಗೆ ಹಿಡಿದಳು. ಅಳಿಸುವ ಗೀಳು ಬಿಟ್ಟು ಇದ್ದದ್ದನ್ನು ಬರೆದುಕೊಡಿ.

ಸಾಗರದ ಬೆಳೆಗಾರ: ಒಂಬತ್ತು ವರ್ಷ ಕಟಕಟೆ ಹತ್ತಿ ಗೆದ್ದವನಿಗೂ ಕೈಮುಗಿದು ರಾಜಿಯಾದವನಿಗೂ ಒಂದೇ ಫಲವೆಂದರೆ ನಾನು ಒಪ್ಪುವವನಲ್ಲ.

ತೀರ್ಥಹಳ್ಳಿಯ ನಿವೃತ್ತ ಶಿಕ್ಷಕ: ಗೆದ್ದದ್ದು ಸಾಕ್ಷಿಗಳು ತಿರುಗಿಬಿದ್ದದ್ದರಿಂದಲೋ, ಸತ್ಯದಿಂದಲೋ? ನಿಮ್ಮ ತೀರ್ಪಿನಲ್ಲಿರುವುದೂ ‘ಸಂಶಯದ ಲಾಭ’, ಅಂದರೆ ಆರೋಪ ಸಂಶಯಾತೀತವಾಗಿ ಸಾಬೀತಾಗಲಿಲ್ಲ ಎಂಬುದೇ ಅಲ್ಲವೇ?

ಭದ್ರಾವತಿಯ ಗೃಹಿಣಿ: ಇಬ್ಬರೂ ಮೂಲ ವಿಷಯ ಬಿಟ್ಟಿರಿ. ಎಫ್‌ಐಆರ್ ಅನ್ನೇ ಅಳಿಸಿಹಾಕುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ನನ್ನ ಯಜಮಾನರು ಖುಲಾಸೆಯಾಗಿ ಎರಡು ವರ್ಷ ಕಳೆದರೂ ಠಾಣೆಯ ಕಂಪ್ಯೂಟರಿನಲ್ಲಿ ‘ವಿಚಾರಣೆಯಲ್ಲಿದೆ’ ಎಂದೇ ಇತ್ತು. ತೀರ್ಪಿನ ದೃಢೀಕೃತ ನಕಲು ಕೊಟ್ಟು, ಸ್ವೀಕೃತಿ ಪಡೆದು, ನಾಲ್ಕು ಸಲ ಅಲೆದ ಮೇಲಷ್ಟೇ ಫಲಿತಾಂಶ ಸೇರಿತು. ಬೆರಳಚ್ಚಿನ ಮಾತು ಬೇರೆ. 2022ರ ಅಪರಾಧ ಪ್ರಕ್ರಿಯಾ (ಗುರುತಿಸುವಿಕೆ) ಕಾಯ್ದೆಯಡಿ ಅದನ್ನು 75 ವರ್ಷ ಇಡಬಹುದಾದರೂ, ಹಿಂದೆ ಶಿಕ್ಷೆಯಾಗದವರು ಖುಲಾಸೆಯಾಗಿ ಮೇಲ್ಮನವಿಗಳೆಲ್ಲ ಮುಗಿದರೆ, ನ್ಯಾಯಾಲಯ ಬೇರೆ ರೀತಿ ಆದೇಶಿಸದ ಹೊರತು ನಾಶಪಡಿಸಲೇಬೇಕು. ನಮ್ಮ ಎರಡು ಪತ್ರಗಳಿಗೂ ಇನ್ನೂ ಉತ್ತರವಿಲ್ಲ.

ಹೊಸನಗರದಿಂದ: ಉಪಕಾರವಾಯಿತು. ಹಾಗಾದರೆ ನಕಲನ್ನು ಠಾಣೆಗೆ ಕೊಡಬೇಕೋ, ಶಿವಮೊಗ್ಗದ ಎಸ್‌ಪಿ ಕಚೇರಿಗೋ?

ಸಾಗರದ ಬೆಳೆಗಾರ: ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಮೇಷ್ಟ್ರು ‘ಸಂಶಯದ ಲಾಭ’ ಎಂದ ಮಾತನ್ನು ಹಿಂತೆಗೆದುಕೊಳ್ಳಲಿ.